ಮೂರನೆಯ ವಾಕ್ಯ

ಹೊಟ್ಟೆನೋವು, ಇವತ್ತು ಬರಲಾಗುವುದಿಲ್ಲ ಎಂದು ಬೆಳಿಗ್ಗೆ ಮುಖ್ಯ ವರದಿಗಾರರಿಗೆ ಸಂದೇಶ ಕಳಿಸಿದವಳಿಗೆ ಆಸ್ಪತ್ರೆಯ ಬಾಗಿಲು ದಾಟುವ ಹೊತ್ತಿಗೆ ಹೊಟ್ಟೆಯೊಳಗೆ ನಿಜವಾಗಿಯೂ ಏನೋ ಹಿಂಡಿದಂತಾಗತೊಡಗಿತ್ತು. ಸುಳ್ಳು ಎಲ್ಲಿಗೂ ಹೋಗುವುದಿಲ್ಲ, ಹೇಳಿದವರ ಮೈಯಲ್ಲೇ ಜಾಗ ಹುಡುಕಿಕೊಂಡು ಕೂರುತ್ತದೆ ಎಂದುಕೊಂಡಳು. ಎಂದುಕೊಂಡ ಕೂಡಲೇ, ತನ್ನ ನೋವನ್ನೂ ಒಂದು ವಾಕ್ಯ ಮಾಡಿ ನೋಡುವ ಈ ಚಾಳಿ ಯಾವಾಗ ಅಂಟಿಕೊಂಡಿತೋ ಎಂದು ನಾಚಿಕೆಯಾಯಿತು. ಗುಮಾಸ್ತೆ ತೋರಿಸಿದ ಜಾಗದಲ್ಲಿ ಕೂತಳು. ನೀಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದೇ ಕಬ್ಬಿಣದ ಪಟ್ಟಿಗೆ ಸಾಲಾಗಿ ಬಿಗಿದಿದ್ದರು. ಆ ತುದಿಯಲ್ಲಿ ಯಾರಾದರೂ ಎದ್ದರೆ ಈ ತುದಿಯಲ್ಲಿದ್ದವರು ಅಲುಗುತ್ತಿದ್ದರು. ಹಾಗಾಗಿ ಯಾರನ್ನು ಕರೆದರೂ ಸಾಲಿಗೆ ಸಾಲೇ ತಲೆಯೆತ್ತಿ ನೋಡುತ್ತಿತ್ತು. ಪಕ್ಕದಲ್ಲಿದ್ದ ಮುದುಕಿ ಚೀಲವನ್ನು ಮಡಿಲಿಗೆ ಎಳೆದುಕೊಂಡು ಜಾಗ ಮಾಡಿಕೊಟ್ಟು, “ನಿಂದೇನಮ್ಮ ಕಾಯಿಲೆ?” ಎಂದಳು. “ಏನಿಲ್ಲ ಅಜ್ಜಿ” ಎಂದದ್ದಕ್ಕೆ, “ಏನಿಲ್ದೋರು ಇಲ್ಲಿಗ್ಯಾಕೆ ಬರ್ತಾರೆ? ಹೇಳಕ್ಕೆ ನಾಚಿಕೆಯಾದ್ರೆ ಬೇಡ ಬಿಡು” ಎಂದು ಅತ್ತ ತಿರುಗಿಕೊಂಡಳು. ಕೆಲಸ ಕೇಳಿಕೊಂಡು ಬಂದಿದ್ದೇನೆ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳಿದರೆ ಅದಕ್ಕಿಂತ ದೊಡ್ಡ ಕಾಯಿಲೆಯನ್ನು ಒಪ್ಪಿಕೊಂಡಂತಾಗುತ್ತದೆ ಎನ್ನಿಸಿ, ಮಡಿಲಲ್ಲಿದ್ದ ಕಡತದ ದಾರವನ್ನು ಬಿಚ್ಚುತ್ತ ಕಟ್ಟುತ್ತ ಕೂತಳು.

ಪತ್ರಿಕೆ ಬಿಟ್ಟವರು ಏನಾಗುತ್ತಾರೆ ಎಂಬುದರ ಬಗ್ಗೆ ಅವರ ಕಚೇರಿಯಲ್ಲಿ ಒಂದು ಹಳೆಯ ಜೋಕು ಇತ್ತು. ಮನುಷ್ಯರಾಗುತ್ತಾರೆ ಎಂದು. ಮೊದಮೊದಲು ಅವಳೂ ನಕ್ಕಿದ್ದಳು. ಬರಬರುತ್ತ, ಯಾರೋ ಬಿಟ್ಟುಹೋದ ಮೇಜಿನ ಮೇಲೆ ಅವರ ಚಹಾ ಲೋಟದ ಗುಂಡನೆಯ ಕಲೆ ಮಾತ್ರ ಉಳಿದಿರುವುದನ್ನು ನೋಡುವಾಗ ನಗು ಬರುವುದು ನಿಂತಿತು. ಅಪರಾಧ ವರದಿ ಬರೆಯುತ್ತಿದ್ದವನು ಈಗ ಜೀವವಿಮೆ ಮಾಡಿಸುತ್ತಾನೆ, ಎರಡಕ್ಕೂ ಸಾವೇ ಬಂಡವಾಳ ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಾನೆ. ಕ್ರೀಡಾ ಪುಟದವಳು ಹಾಸಿಗೆ ಮಾರುವ ಕಂಪನಿಗೆ ನಿದ್ದೆಯ ಬಗ್ಗೆ ದಿನಕ್ಕೊಂದು ಬರಹ ಬರೆದುಕೊಟ್ಟು, ಆ ಚಿಂತೆಯಲ್ಲಿ ತನಗೇ ನಿದ್ದೆಯಿಲ್ಲ ಎನ್ನುತ್ತಾಳೆ. ಇನ್ನೊಬ್ಬರು ಯಾವುದೋ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಾರೆ. ತಾವು ಓಡಿಬಂದ ಮನೆಗೆ ಬೇರೆಯವರ ಮಕ್ಕಳನ್ನು ಕಳಿಸುವ ಕೆಲಸ. ಮತ್ತೆ ಕೊಕ್ಕರೆ, ಈಗ ಈ ಆಸ್ಪತ್ರೆಯ ಪ್ರಚಾರ ವಿಭಾಗದವನು. ಉದ್ದ ಕತ್ತು, ಉದ್ದ ಕಾಲು, ಮೀನು ಕಾಣುವವರೆಗೆ ಒಂಟಿಕಾಲಲ್ಲಿ ನಿಲ್ಲಬಲ್ಲ ತಾಳ್ಮೆ. ಆ ಹೆಸರು ಇಟ್ಟವರು ಯಾರೋ, ಎದುರಿಗೇ ಕರೆದರೂ ಅವನು ಬೇಸರಿಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಕೆಲಸ ಕಲಿಸಿದವನು ಅವನೇ. ಸಾವಿನ ಮನೆಗೆ ಹೋದಾಗ ಮೊದಲು ಫೋಟೋ ಕೇಳಬೇಡ, ನೀರು ಕೇಳು ಎಂದು ಹೇಳಿಕೊಟ್ಟಿದ್ದ. “ಒಂದು ಲೋಟ ನೀರು ಕೊಟ್ಟ ಮೇಲೆ ಯಾರಿಗೂ ಹೊರಗೆ ನಡಿ ಅನ್ನೋಕೆ ಬಾಯಿ ಬರಲ್ಲ ಕಣೇ. ಆಮೇಲೆ ಆಲ್ಬಮ್ಮು ತಾನಾಗೇ ಬರುತ್ತೆ.” ಬರುತ್ತಿತ್ತು. ಕೆರೆಯಲ್ಲಿ ಮುಳುಗಿದ ಹುಡುಗನ ಮನೆಯಲ್ಲಿ ಅವನ ತಾಯಿ ನೀರು ತಂದು, ಲೋಟದ ಅಂಚನ್ನು ಅಂಗೈಯಿಂದ ಒಮ್ಮೆ ಒರೆಸಿ, “ತಣ್ಣಗಿದೆ, ನಿಧಾನಕ್ಕೆ ಕುಡಿ” ಎಂದಿದ್ದಳು. ಅವಳಿಗೆ ಆಗ ಬಾಯಾರಿಕೆಯೇ ಇರಲಿಲ್ಲ. ಬಾಯಾರಿಕೆ ಇಲ್ಲದೆ ಕುಡಿದ ಆ ನೀರು ಎಷ್ಟೋ ತಿಂಗಳಾದರೂ ಗಂಟಲಿನಿಂದ ಕೆಳಗಿಳಿದಿಲ್ಲ ಎಂಬಂತೆ, ಈಗಲೂ ಅಪರಿಚಿತರ ಮನೆಯ ಹೊಸಿಲು ದಾಟುವಾಗ ಉಗುಳು ನುಂಗಬೇಕಾಗುತ್ತದೆ.

ಕೊಕ್ಕರೆಯೇ ಬಂದು ಅವಳನ್ನು ಮೇಲಕ್ಕೆ ಕರೆದುಕೊಂಡು ಹೋದ. ಇಸ್ತ್ರಿ ಹಾಕಿದ ಅಂಗಿ, ಕೊರಳಲ್ಲಿ ಗುರುತಿನ ಪಟ್ಟಿ. ಆ ಪಟ್ಟಿಯಿಂದಾಗಿ ಕತ್ತು ಮೊದಲಿಗಿಂತ ಗಿಡ್ಡವಾದಂತೆ ಕಂಡಿತು. ಲಿಫ್ಟಿನ ಕನ್ನಡಿಯಲ್ಲಿ ಅವಳನ್ನು ನೋಡುತ್ತ, “ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯಾ? ಹೆಣ್ಣು ನೋಡಕ್ಕೆ ಬಂದವರ ಮುಂದೆ ಕೂತ ಹಾಗೆ” ಎಂದ. “ಹಾಗೇ ಅನ್ನಿಸ್ತಿದೆ.” “ಅನ್ನಿಸ್ಲಿ. ಒಪ್ಪಿಗೆಯಾದ್ರೆ ದಿನಾ ಸಂಜೆ ಹೊತ್ತಿಗೆ ಮನೆ ಸೇರ್ತೀಯಾ, ನಿಮ್ಮಮ್ಮ ನನಗೆ ಕೈ ಮುಗೀತಾರೆ.” ಅದು ನಿಜ. ಆಸ್ಪತ್ರೆಯ ಪರವಾಗಿ ಪತ್ರಿಕೆಗಳಿಗೆ ಹೇಳಿಕೆ ಬರೆದುಕೊಡುವ ಈ ಕೆಲಸವೆಂದರೆ ಏನು ಎಂದು ಅಮ್ಮನಿಗೆ ವಿವರಿಸಲು ಹೋದಾಗ ಅವಳು ಪೂರ್ತಿ ಕೇಳಿರಲಿಲ್ಲ, “ಬೆಳಿಗ್ಗೆ ಹೋಗಿ ಸಂಜೆ ಬರೋದು ತಾನೇ? ಮನುಷ್ಯರ ಹಾಗೆ? ಸಾಕು” ಎಂದಿದ್ದಳು. ಅಮ್ಮನಿಗೆ ಗೊತ್ತಿಲ್ಲದೆಯೇ ಕಚೇರಿಯ ಜೋಕು ಅವಳ ಬಾಯಲ್ಲೂ ಬಂದಿತ್ತು.

ಆಡಳಿತಾಧಿಕಾರಿ ಮೆಲುದನಿಯ ಹೆಂಗಸು. ಮೇಜಿನ ಮೇಲಿದ್ದ ಹಾಳೆಗಳ ಅಂಚನ್ನು ಎರಡೂ ಕೈಯಿಂದ ಸಮ ಮಾಡುತ್ತಲೇ ಮಾತಾಡುತ್ತಿದ್ದರು. “ಪೇಪರ್ ಯಾಕೆ ಬಿಡ್ತಿದೀರಿ?” ಈ ಪ್ರಶ್ನೆಗೆ ಮೂರು ಉತ್ತರ ಸಿದ್ಧಮಾಡಿಕೊಂಡು, ಬಸ್ಸಿನಲ್ಲಿ ತುಟಿಯಲ್ಲೇ ಹೇಳಿ ನೋಡಿಕೊಂಡು ಬಂದಿದ್ದಳು. ಬಾಯಿಂದ ಬಂದದ್ದು ನಾಲ್ಕನೆಯದು: “ಸಾಕಾಗಿದೆ ಮೇಡಂ.” ಕೊಕ್ಕರೆ ತಟ್ಟನೆ ನಕ್ಕು, “ಅನುಭವ ಸಾಕಷ್ಟಾಗಿದೆ ಅಂತ” ಎಂದು ತಿದ್ದಿದ. ಎಷ್ಟೋ ವರ್ಷ ಅವಳ ವರದಿ ತಿದ್ದಿದವನು. ಈಗಲೂ ಅವಳು ಬಾಯಿಬಿಟ್ಟರೆ ಕೆಂಪು ಶಾಯಿ ಹಿಡಿದುಕೊಂಡೇ ಕೂತಿರುತ್ತಾನೆ. ಕುರ್ಚಿಯ ಕೆಳಗೆ ಚಪ್ಪಲಿಯೊಳಗಿನ ಕಾಲ್ಬೆರಳುಗಳನ್ನು ಮಡಚಿಕೊಂಡಳು. ಆಡಳಿತಾಧಿಕಾರಿ ನಗಲಿಲ್ಲ. ಒಂದು ಖಾಲಿ ಹಾಳೆ, ಒಂದು ಪೆನ್ನು ಅವಳ ಕಡೆ ಸರಿಸಿ, “ಒಂದು ಸಂದರ್ಭ ಕೊಡ್ತೀನಿ. ಮಧ್ಯವಯಸ್ಸಿನ ಹೆಂಗಸು, ಎದೆ ಉರಿ ಅಂತ ಬರ್ತಾರೆ. ಹೊರಗೆ ಕಾಯ್ತಾ ಕೂತಿದ್ದಾಗಲೇ ಕುಸಿದುಬೀಳ್ತಾರೆ. ಉಳಿಯಲ್ಲ. ಮನೆಯವರು ನಮ್ಮ ನಿರ್ಲಕ್ಷ್ಯ ಅಂತ ಪೇಪರಿಗೆ ಹೋಗ್ತಾರೆ. ಆಸ್ಪತ್ರೆ ಏನು ಹೇಳ್ಬೇಕು? ಅರ್ಧ ಪುಟ. ಅವಸರ ಇಲ್ಲ” ಎಂದರು.

ಬರೆಯಲು ಕೂತರೆ ಅವಳ ಭಯ ಹೋಗುತ್ತಿತ್ತು. ಮಾತಿನಲ್ಲಿ ತೊದಲುವವಳು ಹಾಳೆಯ ಮುಂದೆ ಬೇರೆಯೇ ಹೆಂಗಸಾಗುತ್ತಿದ್ದಳು; ಆ ಹೆಂಗಸಿಗೆ ಸಂಕೋಚವಿಲ್ಲ, ಬೆವರಿಲ್ಲ. ಮೊದಲ ವಾಕ್ಯದಲ್ಲಿ ಸಂತಾಪ. ಎರಡನೆಯದರಲ್ಲಿ ಸಿಬ್ಬಂದಿ ನಿಯಮದ ಪ್ರಕಾರವೇ ನಡೆದುಕೊಂಡರೆಂಬ ಮಾತು. ಅಲ್ಲಿಗೆ ಪೆನ್ನು ನಿಂತಿತು. ಎರಡು ವಾಕ್ಯಗಳೂ ಸರಿಯಾಗಿದ್ದವು, ಆದರೆ ಕುಂಟುತ್ತಿದ್ದವು. ಆತುಕೊಳ್ಳಲು ಒಂದು ಕಂಬ ಬೇಕಿತ್ತು. ಇಂಥ ಎಷ್ಟು ಪ್ರೆಸ್ ನೋಟುಗಳನ್ನು ಅವಳು ಸುದ್ದಿಯಾಗಿ ಬರೆದಿಲ್ಲ? ಬೇರೆ ಬೇರೆ ಆಸ್ಪತ್ರೆ, ಬೇರೆ ಬೇರೆ ಸಾವು, ಆದರೆ ಮೂರನೆಯ ವಾಕ್ಯ ಮಾತ್ರ ಎಲ್ಲದರಲ್ಲೂ ಒಂದೇ. ಕೈ ತಾನಾಗಿಯೇ ಬರೆಯಿತು: ‘ರೋಗಿಯನ್ನು ಕರೆತರುವಲ್ಲಿ ಮನೆಯವರಿಂದ ವಿಳಂಬವಾಗಿತ್ತು, ಆದರೂ ನಮ್ಮ ವೈದ್ಯರು ಕೊನೆಯವರೆಗೂ ಶ್ರಮಿಸಿದರು.’ ಬರೆದ ಕೂಡಲೇ ಇಡೀ ಅರ್ಧ ಪುಟ ಎದ್ದು ನೇರವಾಗಿ ನಿಂತಿತು. ಅವಳಿಗೆ, ಬಹಳ ದಿನಗಳ ಮೇಲೆ, ಕೆಲಸದಲ್ಲಿ ಸಂತೋಷವಾಯಿತು. ಆಡಳಿತಾಧಿಕಾರಿ ಓದಿ, ಹಾಳೆಯ ಅಂಚನ್ನು ಸಮ ಮಾಡಿ, ಕೊಕ್ಕರೆಗೆ ಕೊಟ್ಟರು. ಅವನು ಹುಬ್ಬೇರಿಸಿ, “ನಾನು ಹೇಳ್ಲಿಲ್ವಾ ಮೇಡಂ, ನಮ್ಮ ಹುಡುಗಿ” ಎಂದ. ಹಾಳೆಯನ್ನು ಅವಳಿಗೆ ವಾಪಸು ಕೊಡಲಿಲ್ಲ. ಕೇಳಬೇಕೆಂದು ಅವಳಿಗೂ ತೋಚಲಿಲ್ಲ.

ಹೊರಗೆ ಬಿಸಿಲಿತ್ತು. ಬಸ್‌ ನಿಲ್ದಾಣದಲ್ಲಿ ನಿಂತಾಗ ಹೊಟ್ಟೆನೋವು ಹೋಗಿತ್ತು. ಎದುರಿನ ಅಂಗಡಿಯ ಗಾಜಿನಲ್ಲಿ ತನ್ನ ನೆರಳನ್ನು ನೋಡಿ, ಇವಳು ಬೆಳಿಗ್ಗೆ ಹೋಗಿ ಸಂಜೆ ಬರುವವಳು ಎಂದು ಹೊರಗಿನವರ ಕಣ್ಣಿನಿಂದ ಒಮ್ಮೆ ನೋಡಿಕೊಂಡಳು. ಆಗಲೇ ಮುಖ್ಯ ವರದಿಗಾರರ ಕರೆ ಬಂತು. ವಯಸ್ಸಿಗಿಂತ ಹೆಚ್ಚು ಮುದುಕರಾಗಿದ್ದ ಅವರನ್ನು ಬೆನ್ನ ಹಿಂದೆ ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದರು. “ಹೊಟ್ಟೆ ಹೇಗಿದೆ?” “ಪರವಾಗಿಲ್ಲ ಸಾರ್.” “ಪರವಾಗಿಲ್ಲ ಅಂದ್ರೆ ಬಾ. ಇಬ್ಬರು ರಜೆ, ಒಬ್ಬ ನಾಪತ್ತೆ. ಕೂತ್ಕೊಂಡು ಮಾಡೋ ಕೆಲಸ, ಹೊಟ್ಟೆಗೇನೂ ಆಗಲ್ಲ.” ಹಿಂದೆ ವಾಹನಗಳ ಸದ್ದು ಕೇಳಿಸಿತೋ ಏನೋ, “ಮನೇಲಿ ಬಸ್ಸು ಜೋರಾಗಿ ಓಡಾಡ್ತಿದೆ ಅನ್ಸುತ್ತೆ” ಎಂದು ಸೇರಿಸಿದರು. ಅವರಿಗೆ ಗೊತ್ತಾಗಿದೆಯೇ, ಗೊತ್ತಾಗಿಯೂ ಬಿಟ್ಟರೇ ಎಂದು ದಾರಿಯುದ್ದಕ್ಕೂ ಯೋಚಿಸಿದಳು. ಬಯ್ದಿದ್ದರೆ ಸುಲಭವಿತ್ತು.

ಕಚೇರಿಯಲ್ಲಿ ದೊಡ್ಡಪ್ಪ ಅವಳ ಮುಖ ನೋಡದೆ ಒಂದು ಹಾಳೆ ಚಾಚಿದರು. “ಕೆಳಗೆ ಒಬ್ಬ ಕೂತಿದಾನೆ. ಸ್ಕೂಲ್ ವ್ಯಾನ್ ಓಡಿಸೋನು. ಮೊನ್ನೆ ಅವನ ಅಕ್ಕ ಆಸ್ಪತ್ರೇಲಿ ಹೋಗ್ಬಿಟ್ಟಿದಾಳೆ, ಯಾರೂ ನೋಡ್ಲಿಲ್ಲ ಅಂತಾನೆ. ಇದು ಆಸ್ಪತ್ರೆಯೋರ ಹೇಳಿಕೆ, ಈಗ ಬಂತು. ಅವನಿಗೆ ಓದಿ ಹೇಳಿ ಅವನೇನಂತಾನೆ ಬರ್ಕೊ. ಎರಡೂ ಕಡೆ ಹಾಕು.” ಅದು ಅವರ ಪತ್ರಿಕೆಯ ರೂಢಿ, ಎದುರು ಪಕ್ಷದ ಮಾತನ್ನು ಕೇಳಿಸಿ, ಉತ್ತರ ಪಡೆದೇ ಬರೆಯಬೇಕು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಓದದೆ, ಮೆಟ್ಟಿಲಿಳಿದಳು. ಸ್ವಾಗತದ ಮೇಜಿನ ಪಕ್ಕದ ಬೆಂಚಿನಲ್ಲಿ, ಮೊಣಕಾಲುಗಳ ಮೇಲೆ ಕೈಯಿಟ್ಟುಕೊಂಡು, ಯಾರೋ ಹೇಳಿ ಕೂರಿಸಿದ ಹಾಗೆ ಅವನು ನೇರವಾಗಿ ಕೂತಿದ್ದ. ನಲವತ್ತರ ಆಸುಪಾಸು. ಕ್ಷೌರ ಮಾಡಿಸಿಕೊಳ್ಳದ ಗಡ್ಡ. ಅವಳು ಅಭ್ಯಾಸದಂತೆ ಎದುರು ಕೂತು, ಅಭ್ಯಾಸಕ್ಕೆ ವಿರುದ್ಧವಾಗಿ ತಾನೇ ನೀರು ತಂದುಕೊಟ್ಟಳು. ಅವನು ತೆಗೆದುಕೊಂಡು, ಕುಡಿಯದೆ, ಬೆಂಚಿನ ಮೇಲಿಟ್ಟ.

“ಅಮ್ಮ ಹೋದಾಗ ನಾನು ಅಂಗನವಾಡಿಗೂ ಹೋಗದಷ್ಟು ಚಿಕ್ಕೋನು ಮೇಡಂ. ಅಕ್ಕನೇ ಸಾಕಿದ್ದು. ಬೆಳಿಗ್ಗೆ ಎದೆ ಉರಿ ಅಂದ್ಲು. ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬರ್ತೀನಿ ಅನ್ನಬೋದಿತ್ತು, ಅನ್ನಲಿಲ್ಲ; ಬೇರೆ ಡ್ರೈವರಿಗೆ ಫೋನ್ ಮಾಡಿ ನೀನು ಬಿಟ್ಟುಬಾರಪ್ಪ ಅಂದೆ. ವ್ಯಾನಲ್ಲಿ ಮುಂದೆ ಕೂತ್ಕೋ ಅಂದ್ರೆ ಕೇಳಲಿಲ್ಲ, ಹಿಂದೆ ಮಕ್ಕಳ ಸೀಟಲ್ಲೇ ಕೂತ್ಲು. ಮೊಣಕಾಲು ಎದೆಗೆ ಬರ್ತಿತ್ತು. ಅಲ್ಲಿಗೆ ಹೋದ್ಮೇಲೆ ಕಾಯಿರಿ ಅಂದ್ರು. ಆ ನೀಲಿ ಕುರ್ಚಿಗಳಿದಾವಲ್ಲ, ಅಲ್ಲಿ.” ಅವಳ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. “ನಾನು ಎದ್ದೆದ್ದು ಕೌಂಟರಿಗೆ ಹೋಗ್ತಿದ್ದೆ. ನಾನು ಎದ್ದಾಗೆಲ್ಲ ಅವಳ ಕುರ್ಚಿ ಅಲ್ಲಾಡೋದು. ಸುಮ್ನೆ ಕೂತ್ಕೊಳೋ, ಅಲ್ಲಾಡಿಸಬೇಡ, ನೋವಾಗುತ್ತೆ ಅಂದ್ಲು. ಅದಕ್ಕೆ ಆಮೇಲೆ ನಾನು ಏಳಲಿಲ್ಲ.” ಗೋಡೆಯ ಆಚೆ ಅಚ್ಚಿನ ಕಾಗದದ ಉರುಳೆಗಳನ್ನು ಇಳಿಸುತ್ತಿದ್ದರು. ಒಂದೊಂದು ಉರುಳೆ ಬಿದ್ದಾಗಲೂ ಬೆಂಚಿನ ಮೇಲಿನ ಲೋಟದ ನೀರು ನಡುಗುತ್ತಿತ್ತು. “ಅವರು ಏನಂತಾರೆ?” ಎಂದು ಕೇಳಿದ.

ಅವಳು ಮಡಿಕೆ ಬಿಚ್ಚಿ ಓದತೊಡಗಿದಳು. ಓದುವಾಗ ಅವಳ ದನಿ ಯಾವಾಗಲೂ ಚೆನ್ನಾಗಿರುತ್ತಿತ್ತು, ಶಾಲೆಯಲ್ಲಿ ಪಾಠ ಓದಲು ಅವಳನ್ನೇ ನಿಲ್ಲಿಸುತ್ತಿದ್ದರು. ಮೊದಲ ವಾಕ್ಯ ಎಲ್ಲೂ ತಡೆಯದೆ ಹರಿಯಿತು. ಚೆನ್ನಾಗಿ ಬರೆದಿದ್ದಾರೆ ಎನ್ನಿಸಿತು. ಎರಡನೆಯದರಲ್ಲಿ ನಾಲಿಗೆ ಕಣ್ಣಿಗಿಂತ ಮುಂದೆ ಓಡುತ್ತಿದೆ, ಇನ್ನೂ ನೋಡದ ಪದ ಬಾಯಿಗೆ ಬರುತ್ತಿದೆ ಎಂಬುದು ಗೊತ್ತಾಯಿತು. ಗೊತ್ತಾದದ್ದು ತಲೆಗೇರುವ ಮೊದಲೇ ಮೂರನೆಯ ವಾಕ್ಯ ಬಂದುಬಿಟ್ಟಿತ್ತು. ನಿಲ್ಲಿಸಬಹುದಿತ್ತು. ಕೆಮ್ಮಬಹುದಿತ್ತು, ಹಾಳೆ ಹರಿದಿದೆ ಎನ್ನಬಹುದಿತ್ತು. ಆದರೆ ಅವನು ಮುಂದೆ ಬಾಗಿ ಅವಳ ತುಟಿಯನ್ನೇ ನೋಡುತ್ತಿದ್ದ, ಮತ್ತು ವಾಕ್ಯ ತನ್ನ ಓಟದಲ್ಲಿ ತಾನೇ ಹೋಗಿ ಮುಗಿಯಿತು. ಅಲ್ಪವಿರಾಮವೂ ಬದಲಾಗಿರಲಿಲ್ಲ. ಕೆಳಗೆ ಆಡಳಿತಾಧಿಕಾರಿಯ ಸಹಿ ಇತ್ತು.

“ತಡಾನಾ?” ಎಂದ ಅವನು. ಮೊದಲು ಅದರಲ್ಲಿ ಬರೀ ಆಶ್ಚರ್ಯವಿತ್ತು. ಆಮೇಲೆ ದನಿ ಏರಿತು. “ನಾನಾ? ಮೇಡಂ, ಈ ಊರಲ್ಲಿ ಯಾವ ತಾಯೀನಾದ್ರೂ ಕೇಳಿ, ನನ್ನ ವ್ಯಾನು ಒಂದು ದಿನ ತಡ ಅಂತ ಅಂದಿದ್ರೆ ನನ್ನ ಕಿವಿ ಕುಯ್ಯಿರಿ. ಇವರಿಗೆ ಯಾರು ಹೇಳಿದ್ದು? ಯಾರು ನೋಡಿದ್ದು?” ಸ್ವಾಗತದ ಹೆಂಗಸು ತಲೆಯೆತ್ತಿದಳು. ಅವನು ಅವಳ ಕಡೆ ನೋಡಿ, ಗದರಿಸಿಕೊಂಡ ಹುಡುಗನ ಹಾಗೆ ದನಿ ಇಳಿಸಿದ. ಇಳಿಸಿದ ಮೇಲೆ ಅದು ಮತ್ತೆ ಏರಲಿಲ್ಲ. ಅಂಗೈ ನೋಡಿಕೊಳ್ಳುತ್ತ, “ಬಟ್ಟೆ ಬದಲಾಯಿಸ್ತೀನಿ ಅಂದ್ಲು” ಎಂದ. “ಆಸ್ಪತ್ರೆಗೆ ಈ ಹಳೇ ಬಟ್ಟೇಲಿ ಬರಲ್ಲ, ಡಾಕ್ಟ್ರು ಏನಂದ್ಕೋತಾರೆ ಅಂತ. ನಾನು ಹೂಂ ಅಂದೆ. ಬಾಗಿಲ ಹೊರಗೆ ನಿಂತಿದ್ದೆ. ಬೇಡ ಹಾಗೇ ಬಾ ಅನ್ನಬೋದಿತ್ತಲ್ವಾ?” ಅವಳು ಪೆನ್ನಿನ ಮುಚ್ಚಳ ಹಾಕಿದಳು. “ಅದನ್ನ ಬರೆಯಲ್ಲ. ಅದನ್ನ ಯಾರಿಗೂ ಹೇಳಕ್ಕೆ ಹೋಗ್ಬೇಡಿ” ಎಂದಳು. ಆ ಮಾತು ತಪ್ಪಾಗಿ ಬಿತ್ತು ಎಂದು ಹೇಳುತ್ತಿದ್ದಂತೆಯೇ ಗೊತ್ತಾಯಿತು. ಮುಚ್ಚಿಡಬೇಕಾದ್ದು ಅಲ್ಲೇನೋ ಇದೆ ಎಂಬಂತೆ ಅವನು ಅವಳನ್ನು ನೋಡಿದ. ಅಳುಕಿನಿಂದ ತನ್ನ ನಂಬರು ಬರೆದುಕೊಟ್ಟಳು. ಯಾಕೆ ಕೊಟ್ಟೆ ಎಂದು ತನಗೂ ತಿಳಿಯದು. ಅವನು ಹೊರಡುವಾಗ, ಮುಟ್ಟದಿದ್ದ ಲೋಟವನ್ನು ಎತ್ತಿ, ಮೇಜಿನ ಮೇಲೆ ಯಾರಿಗೂ ತಾಗದ ಹಾಗೆ ಒಳಗೆ ಸರಿಸಿಟ್ಟು ಹೋದ.

ಮೆಟ್ಟಿಲ ತಿರುವಿನಲ್ಲಿ ನಿಂತು ಕೊಕ್ಕರೆಗೆ ಫೋನು ಮಾಡಿದಳು. ಅವನು ಅವಳ ಹೆಸರು ಕಂಡವನೇ, “ನಾನೇ ಮಾಡೋನಿದ್ದೆ. ಮೇಡಂಗೆ ತುಂಬಾ ಹಿಡಿಸಿದೆ. ನಾಳೆ ಬೆಳಿಗ್ಗೆ ಖಚಿತ ಮಾಡಿ ಹೇಳ್ತೀನಿ, ಸಿಹಿ ತಂದಿಟ್ಕೊ” ಎಂದ. “ಆ ಮೂರನೇ ವಾಕ್ಯ ನಾನು ಕಟ್ಟಿದ್ದು.” “ಗೊತ್ತು. ಅದೇ ಹಿಡಿಸಿದ್ದು.” “ಅದು ಸುಳ್ಳು. ನೀವು ಉದಾಹರಣೆ ಕೊಟ್ರಿ ಅಂದ್ಕೊಂಡೆ. ಯಾರನ್ನಾದ್ರೂ ಕೇಳಿದ್ರಾ, ಅವರು ಯಾವಾಗ ಹೊರಟ್ರು, ಯಾವಾಗ ಬಂದ್ರು ಅಂತ?” ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು, ಅವನ ದನಿ ಹತ್ತಿರ ಬಂತು, ಹಳೆಯ ದಿನಗಳ ಕೊಕ್ಕರೆಯ ದನಿ. “ನೋಡು ಕಣೇ. ಯಾವ ರೋಗಿ ಆಸ್ಪತ್ರೆಗೆ ಬೇಗ ಬಂದಿದಾನೆ ಹೇಳು? ಸತ್ತಮೇಲೆ ಎಲ್ಲರೂ ತಡವಾಗಿ ಬಂದೋರೇ. ಅದು ಸುಳ್ಳಲ್ಲ, ಅದು… ಅದನ್ನ ಯಾರೂ ಅಳೆಯಕ್ಕಾಗಲ್ಲ. ನೀನು ಪುಣ್ಯಾತ್ಗಿತ್ತಿ, ಅಳೆಯಕ್ಕಾಗದ್ದನ್ನೇ ಬರೆದಿದೀಯಾ.” “ವಾಪಸ್ ತಗೊಳ್ಳಿ.” “ಎಲ್ಲಾ ಪೇಪರಿಗೂ ಹೋಗಿದೆ. ವಾಪಸ್ ತಗೊಂಡ್ರೆ ಮೊದಲು ಸುಳ್ಳು ಹೇಳಿದ್ವಿ ಅಂತಾಗುತ್ತೆ.” ಆಮೇಲೆ ಮೆತ್ತಗೆ, “ನಾನೂ ಮೊದಲ ತಿಂಗಳು ಹೀಗೇ ಇದ್ದೆ” ಎಂದ. ಆ ಮಾತಿನಲ್ಲಿ ಮೋಸವಿರಲಿಲ್ಲ; ಅವನು ನಿಜವಾಗಿಯೂ ಅವಳನ್ನು ಸಂತೈಸುತ್ತಿದ್ದ. ಅದೇ ಅವಳನ್ನು ಹೆದರಿಸಿತು.

ಕಂಪ್ಯೂಟರಿನ ಮುಂದೆ ಕೂತವಳು ದೊಡ್ಡಪ್ಪನಿಗೆ ಹೇಳಿಬಿಡಬೇಕು ಎಂದು ಮೂರು ನಾಲ್ಕು ಸಲ ಎದ್ದಳು. ಹೇಳಿದರೆ ಬೆಳಗಿನ ಹೊಟ್ಟೆನೋವಿನಿಂದ ಶುರುಮಾಡಬೇಕು. ಅವರು ಬಯ್ಯುವುದಿಲ್ಲ, ಕನ್ನಡಕ ತೆಗೆದು ಹಣೆ ಉಜ್ಜಿಕೊಂಡು, “ನೀನು ಇದರಲ್ಲಿ ಪಾಲುದಾರಳಾದೆ, ನೀನು ಬರೀಬಾರದು, ಇನ್ನೊಬ್ಬರಿಗೆ ಕೊಡ್ತೀನಿ” ಎನ್ನುತ್ತಾರೆ. ಆ ಇನ್ನೊಬ್ಬರು ಎರಡೂ ಕಡೆ ಹಾಕುತ್ತಾರೆ. ಸತ್ಯ ಹೇಳಿದರೆ ಆ ವಾಕ್ಯ ಉಳಿಯುತ್ತದೆ, ಹೇಳದಿದ್ದರೆ ಅದನ್ನು ತೆಗೆಯುವ ಕೈ ತನ್ನದೇ. ಹೀಗೆ ಲೆಕ್ಕ ಹಾಕಿ ಸುಮ್ಮನಾದಳು. ಲೆಕ್ಕ ಸರಿಯಾಗಿತ್ತು, ಆದರೆ ಅದು ತನಗೆ ಎಷ್ಟು ಅನುಕೂಲವಾಗಿ ಬಂತು ಎಂಬುದೂ ಕಾಣದೆ ಹೋಗಲಿಲ್ಲ. ಆಸ್ಪತ್ರೆಯ ಹೇಳಿಕೆಯಿಂದ ಸಂತಾಪ, ನಿಯಮ ಇಷ್ಟನ್ನೇ ಹಾಕಿದಳು. ಅವನ ಮಾತಿನಿಂದ ಕಾದದ್ದು, ಕೌಂಟರಿಗೆ ಹೋದದ್ದು, ಕುರ್ಚಿ ಅಲುಗಿದ್ದು. ಕುರ್ಚಿ ಅಲುಗಿದ ವಾಕ್ಯವನ್ನು ದೊಡ್ಡಪ್ಪ ಹೊಡೆದುಹಾಕಿದರು. “ಇದು ಸುದ್ದಿಯಲ್ಲ.” ಆಮೇಲೆ ಕೆಳಗೆ ನೋಡಿ, “ಆಸ್ಪತ್ರೆಯೋರು ಇಷ್ಟೇ ಹೇಳಿದ್ದಾ? ಸಾಮಾನ್ಯವಾಗಿ ಇನ್ನೇನೋ ಇರ್ತಿತ್ತಲ್ಲ?” ಎಂದರು. “ಇಷ್ಟೇ ಸಾರ್.” ಅವರು ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. “ಹೊಟ್ಟೆನೋವು ಅಂದ್ಯಲ್ಲ, ಮನೆಗೆ ಹೋಗು” ಎಂದರು. ದಿನಕ್ಕೊಂದೇ ಸುಳ್ಳು ಸಾಕು ಎಂದು ಹೇಳಿದಂತೆ ಅವಳಿಗೆ ಕೇಳಿಸಿತು. ಅವರು ಹಾಗೇನೂ ಅಂದಿರಲಿಲ್ಲ.

ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಕೆಳಗೆ, ತರಕಾರಿ ಹೆಚ್ಚುವ ಅಮ್ಮನ ಕಾಲ ಹತ್ತಿರವೇ ನೆಲದ ಮೇಲೆ, ಬೇರೆ ಪತ್ರಿಕೆಗಳನ್ನು ಹರಡಿಕೊಂಡು ಕೂತಳು. ಎಲ್ಲದರಲ್ಲೂ ಆ ವಾಕ್ಯ ಇತ್ತು. ಒಂದರಲ್ಲಿ ಒಳಗೆ ಸೇರಿಕೊಂಡಿತ್ತು, ಒಂದರಲ್ಲಿ ಕೊನೆಗೆ. ಇನ್ನೊಂದರಲ್ಲಿ ತಲೆಬರಹವೇ ಅದಾಗಿತ್ತು: ‘ವಿಳಂಬವೇ ಸಾವಿಗೆ ಕಾರಣ’. ಅದರ ಕೆಳಗೆ ಆ ಹೆಂಗಸಿನ ಫೋಟೋ. ಯಾರೋ ಹೋಗಿ ನೀರು ಕೇಳಿರಬೇಕು. ಮುಖ ದುಂಡಗಿತ್ತು, ಬೆಳಕಿಗೆ ಕಣ್ಣು ಕಿರಿದು ಮಾಡಿದ್ದಳು, ಪಕ್ಕದಲ್ಲಿ ಕತ್ತರಿಸಿ ತೆಗೆದ ಯಾರದೋ ಭುಜ ಉಳಿದಿತ್ತು, ತಮ್ಮನದಿರಬಹುದು. ತಾನೊಬ್ಬಳು ತೆಗೆದುಬಿಟ್ಟರೆ ಅದು ಇಲ್ಲವಾಗುತ್ತದೆ ಎಂದು ನಿನ್ನೆ ಸಂಜೆ ಎಲ್ಲೋ ಒಂದು ಮೂಲೆಯಲ್ಲಿ ನಂಬಿಕೊಂಡಿದ್ದೆನಲ್ಲ ಎಂದು ತನ್ನ ಮೇಲೆಯೇ ಕನಿಕರವಾಯಿತು. “ಬಂತಾ ಫೋನು?” ಎಂದಳು ಅಮ್ಮ. “ಯಾವುದು?” “ಯಾವುದು ಅಂದ್ರೆ? ಕೆಲಸದ್ದು. ನಿನ್ನನ್ನ ಕೇಳೋದಕ್ಕಿಂತ ಗೋಡೇನ ಕೇಳಬೋದು.” ಫೋನು ಆಗಲೇ ಬಂತು. ಅಮ್ಮ ಕೈಯಲ್ಲಿದ್ದ ಚಾಕು ಕೆಳಗಿಟ್ಟು, ತುಟಿ ಬಿಗಿಹಿಡಿದು ನೋಡಿದಳು.

“ಮೇಡಂ, ನಾನು. ವ್ಯಾನ್ ಡ್ರೈವರ್. ನಿಮ್ಮ ಪೇಪರಲ್ಲಿ ಮಾತ್ರ ಆ ಮಾತು ಇಲ್ಲ.” ದನಿ ಒಡೆದಿತ್ತು, ನಿದ್ದೆ ಮಾಡಿದವನ ದನಿಯಾಗಿರಲಿಲ್ಲ. “ನನಗೆ ಬೇಜಾರಾಗುತ್ತೆ ಅಂತ ಬಿಟ್ರಿ. ಗೊತ್ತಾಯ್ತು. ದೊಡ್ಡ ಮನಸ್ಸು ನಿಮ್ಮದು. ಆದರೆ ಉಳಿದವರೆಲ್ಲ ಬರೆದಿದಾರೆ ಅಂದ್ಮೇಲೆ ಏನೋ ಇರಬೇಕಲ್ವಾ? ಬೆಂಕಿ ಇಲ್ದೆ ಹೊಗೆ ಆಡುತ್ತಾ? ಅವರು ಡಾಕ್ಟ್ರು, ಓದಿದೋರು, ಅವರಿಗೆ ಮೈ ನೋಡಿದ್ರೆ ತಿಳಿಯುತ್ತೆ ಎಷ್ಟು ಹೊತ್ತಾಗಿದೆ ಅಂತ. ನೀವು ಹೇಳಿ ಮೇಡಂ, ಇನ್ನೂ ಸ್ವಲ್ಪ ಮುಂಚೆ ಹೋಗಿದ್ರೆ ಉಳೀತಿದ್ಲಾ?”

ಎದ್ದು ಹಿತ್ತಿಲ ಬಾಗಿಲಿಗೆ ಹೋದಳು. ಎದುರು ಗೋಡೆಯ ಮೇಲೆ ಒಣಗಲು ಹಾಕಿದ ಕಾಲೊರೆಸುವ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. “ಕೇಳಿಸ್ಕೊಳ್ಳಿ” ಎಂದಳು. ಮಾತು ಹಾಳೆಯ ಮೇಲೆ ಬರುವ ಹಾಗೆ ಬರಲಿಲ್ಲ, ತುಂಡುತುಂಡಾಗಿ ಬಂತು. “ಅದನ್ನ ಯಾವ ಡಾಕ್ಟ್ರೂ ಹೇಳಿಲ್ಲ. ಆ ವಾಕ್ಯ ಬರೆದವಳು ನಾನು. ನಾನೇ. ನಿನ್ನೆ ಬೆಳಿಗ್ಗೆ ಆ ಆಸ್ಪತ್ರೆಗೆ ಕೆಲಸ ಕೇಳಕ್ಕೆ ಹೋಗಿದ್ದೆ. ಹೀಗೊಬ್ಬರು ಸತ್ತಿದಾರೆ ಅಂದ್ಕೊಂಡು ಬರಿ ಅಂದ್ರು, ಪರೀಕ್ಷೆಗೆ. ನಿಜವಾಗಿ ಯಾರೋ ಇದಾರೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮಕ್ಕ ಅಂತ ಗೊತ್ತಿರಲಿಲ್ಲ. ತಡ ಅಂತ ನಾನು ಸುಮ್ನೆ ಬರೆದೆ, ಎಲ್ಲರೂ ಹಾಗೆ ಬರೀತಾರೆ ಅಂತ ಬರೆದೆ. ಅವರು ಅದನ್ನೇ ಕಳಿಸಿದ್ರು. ನೀವು ತಡ ಮಾಡಿಲ್ಲ. ಕೇಳಿಸ್ತಾ? ನೀವು ತಡ ಮಾಡಿಲ್ಲ.”

ಬಯ್ಯಲಿ ಎಂದು ಕಾದಳು. ಬೈಗುಳ ಎಲ್ಲಿಂದ ಶುರುವಾಗಬಹುದು, ಅದಕ್ಕೆ ತಾನು ಹೇಗೆ ನಿಲ್ಲಬೇಕು ಎಂದು ಮೈಯನ್ನು ಗೋಡೆಗೆ ಆನಿಸಿ ಸಿದ್ಧಮಾಡಿಕೊಂಡಳು. “ಅಮ್ಮಾ” ಎಂದ ಅವನು ಕೊನೆಗೆ. ಮೇಡಂ ಹೋಗಿ ಅಮ್ಮಾ ಆಗಿತ್ತು, ದನಿ ಚಿಕ್ಕ ಮಗುವನ್ನು ವ್ಯಾನಿನಿಂದ ಇಳಿಸುವವನ ಹಾಗೆ ಮೆತ್ತಗಿತ್ತು. “ನನ್ನ ಸಮಾಧಾನಕ್ಕೆ ಅಂತ ಇಷ್ಟು ದೊಡ್ಡ ಸುಳ್ಳು ಹೇಳಬೇಡಿ. ಇದನ್ನ ಬೇರೆ ಯಾರಾದ್ರೂ ಕೇಳಿಸ್ಕೊಂಡ್ರೆ ನಿಮ್ಮ ಕೆಲಸಕ್ಕೆ ಕುತ್ತು.” “ಸುಳ್ಳಲ್ಲ. ಆಣೆಯಾಗೂ ಸುಳ್ಳಲ್ಲ.” “ಆಯ್ತು, ಆಯ್ತು. ಅಳಬೇಡಿ” ಎಂದ. ಅವಳು ಅಳುತ್ತಿರುವುದು ಅವಳಿಗೆ ಅವನಿಂದಲೇ ತಿಳಿಯಿತು. “ನಮ್ಮಕ್ಕನೂ ಹೀಗೇ. ನನ್ನ ತಪ್ಪನ್ನೆಲ್ಲ ತನ್ನ ಮೇಲೆ ಹಾಕ್ಕೊಳ್ಳೋಳು.”

ಕಿವಿಯೊಳಗೆ ಇನ್ನೊಂದು ಕರೆಯ ಸದ್ದು ಬಿಟ್ಟು ಬಿಟ್ಟು ಬರತೊಡಗಿತು. ತೆಗೆದು ನೋಡಿದಳು, ಕೊಕ್ಕರೆ. ಅಮ್ಮ ಬಾಗಿಲಿಗೆ ಬಂದು ನಿಂತು, ಹೆಬ್ಬೆರಳು ಎತ್ತಿ, ಹುಬ್ಬಿನಲ್ಲೇ ಆಯ್ತಾ ಎಂದು ಕೇಳಿದಳು. ಅವಳು ಫೋನನ್ನು ಮತ್ತೆ ಕಿವಿಗೊತ್ತಿಕೊಂಡಳು.

“ಬಟ್ಟೆ ಬದಲಾಯಿಸಿದ್ದೇ ಇರಬೇಕು” ಎನ್ನುತ್ತಿದ್ದ ಅವನು. “ಅದಲ್ದೆ ಬೇರೆ ಏನಿದೆ?”

“ಅಲ್ಲ. ಅದಲ್ಲ.”

“ಹಾಗಾದ್ರೆ ಸೇತುವೆ ಹತ್ರ. ನಿಧಾನಕ್ಕೆ ಹೋದೆ. ರಸ್ತೆ ಸರಿಯಿ‌ಲ್ಲ, ಕುಲುಕಿದ್ರೆ ಅವಳಿಗೆ ನೋವಾಗೋದು.”

“ನಿಧಾನಕ್ಕೆ ಹೋದದ್ದು ಸರಿ ಅಣ್ಣಾ.”

ಕರೆಯ ಸದ್ದು ನಿಂತು, ಮತ್ತೆ ಶುರುವಾಯಿತು.

“ತಿರುವಲ್ಲಿ ಒಂದು ಲಾರಿ ಅಡ್ಡ ನಿಂತಿತ್ತು. ಹಾರ್ನ್ ಮಾಡಬೋದಿತ್ತು. ಅಕ್ಕನಿಗೆ ತಲೆಗೆ ಹೊಡೆಯುತ್ತೆ ಅಂತ ಮಾಡಲಿಲ್ಲ. ಅದಾ?”

“ಅಲ್ಲ ಅಣ್ಣಾ. ಅದೂ ಅಲ್ಲ.”

“ಬಾಗಿಲು ಹಾಕಿದ್ದು ನಾನೇ. ಬೀಗ ಒಂದೇ ಸಲಕ್ಕೆ ಬೀಳಲಿಲ್ಲ” ಎಂದು ಅವನು, ಅಕ್ಕನನ್ನು ಕರೆದುಕೊಂಡು, ಮಾತಿನಲ್ಲೇ ಮತ್ತೆ ಮನೆಯಿಂದ ಹೊರಟ.